ಒಂದು ಯಂತ್ರ, ಒಂದೇ ಬೆಲೆ

ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಯೊಂದು ಜಪಾನಿನಿಂದಲೋ ಜರ್ಮನಿಯಿಂದಲೋ ಸಿಎನ್‌ಸಿ ಯಂತ್ರ ತರಿಸಲು ಹೊರಟರೆ, ಅದರ ಬೆಲೆಯನ್ನು ಹಲವರ ಮುಂದೆ ಹೇಳಬೇಕಾಗುತ್ತದೆ: ಕಸ್ಟಮ್ಸ್‌ಗೆ, ಸಾಲ ಕೊಡುವ ಬ್ಯಾಂಕಿಗೆ, ವಿಮೆಯವರಿಗೆ, ಆದಾಯ ತೆರಿಗೆಯವರಿಗೆ, ಪಾಲುದಾರರಿಗೆ. ಕಸ್ಟಮ್ಸ್ ಎದುರು ಬೆಲೆ ಕಡಿಮೆ ಹೇಳಿದರೆ ಸುಂಕ ಉಳಿಯುತ್ತದೆ, ಬ್ಯಾಂಕಿನ ಎದುರು ಹೆಚ್ಚು ಹೇಳಿದರೆ ಸಾಲ ಹೆಚ್ಚು ಸಿಗುತ್ತದೆ. ಹೀಗೆ ಒಂದೇ ಯಂತ್ರಕ್ಕೆ ಎರಡು ಮೂರು ಬೆಲೆ ಹುಟ್ಟಿಕೊಳ್ಳುವುದು ವ್ಯಾಪಾರದಲ್ಲಿ ಹೊಸದೇನಲ್ಲ. ಇದಕ್ಕೆ ಕಾನೂನು ಏನು ಹೇಳುತ್ತದೆ ಎಂಬುದು ಸ್ಪಷ್ಟವಾಗಿದೆ. ಧರ್ಮ ಏನು ಹೇಳುತ್ತದೆ ಎಂಬುದೇ ಯೋಚಿಸಬೇಕಾದ್ದು. ಬೆಲೆ ಎಂಬುದು ಇಬ್ಬರು ಚೌಕಾಶಿ ಮಾಡಿ ಕಟ್ಟಿಕೊಂಡ ಅಂಕಿ. ಸತ್ಯದ ಹಂಗು ಅದಕ್ಕೂ ಇದೆಯೆ? ಇದೆ ಎಂದು ನಾನು ನಂಬುತ್ತೇನೆ. ತಿಳಿಯುವ ಹಕ್ಕುಳ್ಳ ಪ್ರತಿಯೊಬ್ಬರ ಎದುರೂ ಬದಲಾಗದೆ ನಿಲ್ಲುವ ಅಂಕಿಯೇ ಬೆಲೆಯ ಸತ್ಯ.

ಈ ವಿಚಾರ ನಮ್ಮಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ಸುಂಕದ ಕಟ್ಟೆಗೆ ಬಂದ ವ್ಯಾಪಾರಿ ತನ್ನ ಸರಕಿನ ಅಳತೆ ಮತ್ತು ಬೆಲೆಯನ್ನು ಎಲ್ಲರಿಗೂ ಕೇಳುವಂತೆ ಸಾರಬೇಕು. ಈ ಬೆಲೆಗೆ ಕೊಳ್ಳುವವರು ಯಾರು ಎಂದು ಮೂರು ಸಲ ಕೂಗಿ, ಕೇಳಿದವರಿಗೆ ಕೊಡಬೇಕು. ಕೊಳ್ಳುವವರ ಪೈಪೋಟಿಯಲ್ಲಿ ಬೆಲೆ ಏರಿದರೆ ಏರಿದ ಭಾಗ ಸುಂಕದ ಜೊತೆಗೆ ಬೊಕ್ಕಸಕ್ಕೆ ಹೋಗುತ್ತದೆ. ಸುಂಕಕ್ಕೆ ಹೆದರಿ ಕಡಿಮೆ ಹೇಳಿದವನಿಂದ ಆ ಹೆಚ್ಚುವರಿಯನ್ನು ರಾಜ ಕಸಿದುಕೊಳ್ಳಬಹುದು, ಇಲ್ಲವೆ ಎಂಟು ಪಟ್ಟು ಸುಂಕ ವಿಧಿಸಬಹುದು. ದಂಡ ಎಲ್ಲ ಕಾಲದಲ್ಲೂ ಇದ್ದದ್ದೇ. ನನಗೆ ದೊಡ್ಡದಾಗಿ ಕಾಣುವುದು ಆ ಕೂಗು. ಅಧಿಕಾರಿಗೆ ಹೇಳಿದ ಬೆಲೆಯನ್ನೇ ಗಿರಾಕಿಯೂ ಕೇಳಿಸಿಕೊಳ್ಳುತ್ತಿದ್ದ, ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಹೇಳಲು ಅಲ್ಲಿ ಎಡೆಯಿರಲಿಲ್ಲ.

ಇಂದು ಆ ಕೂಗು ಇಲ್ಲ. 1962ರ ಕಸ್ಟಮ್ಸ್ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಿಂದ ಆಮದುದಾರನೇ ತನ್ನ ಸುಂಕವನ್ನು ಲೆಕ್ಕ ಹಾಕಿಕೊಳ್ಳಬೇಕು. ಬಿಲ್ ಆಫ್ ಎಂಟ್ರಿ ಎಂಬ ಆಮದು ಘೋಷಣೆಯಲ್ಲಿ ಬರೆದದ್ದೆಲ್ಲ ಸತ್ಯ ಎಂದು ಸಹಿ ಹಾಕಬೇಕು. ಸಂತೆಯ ಕಿವಿಗೆ ಬೀಳುತ್ತಿದ್ದ ಮಾತು ಈಗ ಒಬ್ಬನ ಮನಸ್ಸಾಕ್ಷಿಗೆ ಬಿಟ್ಟದ್ದಾಗಿದೆ. ಇಂಥ ಜಾಗಕ್ಕೆ ಜೈನರ ಅಣುವ್ರತದ ವಿಚಾರ ಚೆನ್ನಾಗಿ ಹೊಂದುತ್ತದೆ. ಅವರ ತತ್ತ್ವಾರ್ಥಸೂತ್ರ ಕಳ್ಳತನ ಮಾಡದಿರುವ ವ್ರತಕ್ಕೆ ತಗಲುವ ಐದು ದೋಷಗಳನ್ನು ಹೇಳುವಾಗ ತೂಕ ಅಳತೆಯ ಮೋಸ, ಕಲಬೆರಕೆಗಳ ಜೊತೆಗೇ ರಾಜ್ಯದ ಕಟ್ಟಳೆ ಮೀರುವುದನ್ನೂ ಸೇರಿಸುತ್ತದೆ. ಗೃಹಸ್ಥನಿಗೆಂದೇ ಹೇಳಿದ ವ್ರತ ಇದು. 12ನೇ ಶತಮಾನದ ಶರಣರಲ್ಲಿ ಸುಂಕ ವಸೂಲಿಯನ್ನೇ ಕಾಯಕ ಮಾಡಿಕೊಂಡ ಸುಂಕದ ಬಂಕಣ್ಣನೂ ಇದ್ದ. ಸುಂಕದ ಕಟ್ಟೆ ಧರ್ಮದ ಹೊರಗಿನ ಜಾಗ ಎಂದು ಈ ನಾಡು ಎಣಿಸಿರಲಿಲ್ಲ.

ಲೆಕ್ಕವನ್ನೇ ಎದುರಿಗಿಟ್ಟು ನೋಡೋಣ. ಹಡಗಿನ ಬಾಡಿಗೆ, ವಿಮೆ ಸೇರಿ ಯಂತ್ರದ ಮೌಲ್ಯ 1 ಕೋಟಿ ರೂಪಾಯಿ ಎನ್ನಿ. ಮೂಲ ಸುಂಕ ಶೇ 7.5ರಂತೆ 7.5 ಲಕ್ಷ, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್ 75 ಸಾವಿರ, ಇವೆಲ್ಲ ಕೂಡಿದ 1,08,25,000ದ ಮೇಲೆ ಶೇ 18ರ ಐಜಿಎಸ್‌ಟಿ 19,48,500. ಒಟ್ಟು 27,73,500 ಕಟ್ಟಬೇಕು. ಆದರೆ ಐಜಿಎಸ್‌ಟಿ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ ಹಿಂದೆ ಬರುತ್ತದೆ. ನಿಜವಾದ ಹೊರೆ 8.25 ಲಕ್ಷ ಮಾತ್ರ. ಇನ್‌ವಾಯ್ಸ್‌ನಲ್ಲಿ 20 ಲಕ್ಷ ಮುಚ್ಚಿಟ್ಟವನು ಖಾಯಂ ಆಗಿ ಉಳಿಸುವುದು 1.65 ಲಕ್ಷ. ಇಷ್ಟಕ್ಕಾಗಿ ಅವನು ಏನೇನು ಮಾಡಬೇಕಾಗುತ್ತದೆ? ಮುಚ್ಚಿಟ್ಟ 20 ಲಕ್ಷವನ್ನು ಬ್ಯಾಂಕಿನ ಮೂಲಕ ಕಳಿಸುವಂತಿಲ್ಲ, ಹವಾಲಾ ಬೇಕು. ಹವಾಲಾಕ್ಕೆ ಲೆಕ್ಕಕ್ಕೆ ಸಿಗದ ನಗದು ಬೇಕು, ಆ ನಗದಿಗೆ ಬಿಲ್ ಇಲ್ಲದ ಮಾರಾಟ ಬೇಕು. ಯಂತ್ರ ಸುಟ್ಟುಹೋದರೆ ವಿಮೆ ಕೇಳಲು ಕೈಯಲ್ಲಿರುವುದು ಕಡಿಮೆ ಬೆಲೆಯ ಕಾಗದ. ಸವಕಳಿ ಲೆಕ್ಕವೂ ಅದೇ ಕಡಿಮೆ ಬೆಲೆಯ ಮೇಲೆ. ಒಂದು ಸುಳ್ಳು ಅವನ ವ್ಯವಹಾರವನ್ನೆಲ್ಲ ತನಗೆ ತಕ್ಕಂತೆ ತಿರುಚಿಕೊಳ್ಳುತ್ತದೆ. ಸುಳ್ಳು ನಷ್ಟ ತರುತ್ತದೆ, ಆದ್ದರಿಂದ ಬೇಡ ಎಂದು ನಾನು ಹೇಳುತ್ತಿಲ್ಲ. ಲಾಭ ತರುವ ಸುಳ್ಳೂ ಇರುತ್ತದೆ. ಎದುರಿಗಿರುವವರನ್ನು ನೋಡಿ ಬದಲಾಗುವ ಅಂಕಿ ಯಂತ್ರದ ಬಗ್ಗೆ ಏನನ್ನೂ ತಿಳಿಸುವುದಿಲ್ಲ, ಹೇಳುವವನಿಗೆ ಆ ಹೊತ್ತಿನಲ್ಲಿ ಏನು ಬೇಕು ಎಂಬುದನ್ನಷ್ಟೇ ತಿಳಿಸುತ್ತದೆ.

ನಿಜಬೆಲೆ ಎಂಬುದೇ ಇಲ್ಲದಾಗ ಸುಳ್ಳು ಬೆಲೆ ಎಲ್ಲಿಂದ ಬಂತು ಎಂದು ತತ್ತ್ವ ಬಲ್ಲವರು ಕೇಳಬಹುದು. ಅದೇ ಯಂತ್ರ ಒಬ್ಬರಿಗೆ 90 ಲಕ್ಷಕ್ಕೆ ಸಿಗುತ್ತದೆ, ಇನ್ನೊಬ್ಬರಿಗೆ 1 ಕೋಟಿಗೆ. ಆದರೆ ಯಂತ್ರದ ಪರಮ ಮೌಲ್ಯವನ್ನು ಯಾರೂ ಕೇಳುತ್ತಿಲ್ಲ. ಐಚರ್ ಟ್ರ್ಯಾಕ್ಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿದ್ದೂ ಇದನ್ನೇ: ಬೆಲೆಪಟ್ಟಿಯಲ್ಲಿ ಏನೇ ಇರಲಿ, ಆ ವಹಿವಾಟಿನಲ್ಲಿ ಕೊಟ್ಟ ಬೆಲೆಯನ್ನು, ಅನುಮಾನಿಸಲು ಕಾನೂನು ಹೇಳಿದ ಕಾರಣಗಳಿಲ್ಲದಿದ್ದರೆ, ಒಪ್ಪಬೇಕು. ದೊಡ್ಡ ರಿಯಾಯಿತಿ ಸುಳ್ಳಲ್ಲ. ಯಂತ್ರಕ್ಕೆಂದೇ ಬೇರೆ ದಾರಿಯಲ್ಲಿ ಕೊಟ್ಟ ಕಮಿಷನ್ನನ್ನೋ ರಾಯಲ್ಟಿಯನ್ನೋ ಹೇಳದೆ ಬಿಡುವುದು ಸುಳ್ಳು. ಎಷ್ಟು ಕೊಟ್ಟೆ ಎಂಬ ವ್ಯಾವಹಾರಿಕ ಪ್ರಶ್ನೆಗೆ ವ್ಯಾವಹಾರಿಕ ಸತ್ಯ ಸಾಕು, ಅದು ಕೊಟ್ಟವನಿಗೆ ಗೊತ್ತೇ ಇರುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಣ್ಣ ಉದ್ಯಮಿಯದು. ದುಡಿಯುವ ಯಂತ್ರದ ಮೇಲೆ ಸುಂಕ ಹಾಕುವುದೇ ಅನ್ಯಾಯ, ಅನ್ಯಾಯದ ಸುಂಕಕ್ಕೆ ಸತ್ಯ ಏಕೆ ಎನ್ನುತ್ತಾನೆ ಅವನು. ಅವನ ನೋವನ್ನು ತಳ್ಳಿಹಾಕಲಾರೆ. ನಾಡಿಗೆ ಮಹೋಪಕಾರವಾಗುವ ಸರಕನ್ನು, ಸಿಗದ ಬೀಜವನ್ನು ಸುಂಕವಿಲ್ಲದೆ ಒಳಗೆ ಬಿಡು ಎಂದು ಕೌಟಿಲ್ಯನೂ ಹೇಳಿದ್ದಾನೆ. ಆದರೆ ಬೆಲೆ ಮುಚ್ಚಿಟ್ಟವನು ಅನ್ಯಾಯವನ್ನು ಎದುರಿಸುವುದಿಲ್ಲ, ತಾನೊಬ್ಬ ನುಸುಳಿ ಅದನ್ನು ಪಕ್ಕದ ಶೆಡ್ಡಿನವನ ಮೇಲೆ ಬಿಡುತ್ತಾನೆ. ಪೂರ್ತಿ ಸುಂಕ ಕಟ್ಟಿದ ಆ ನೆರೆಯವನು ಅದೇ ಆರ್ಡರಿಗೆ ಇವನ ಜೊತೆ ಪೈಪೋಟಿ ಮಾಡಬೇಕು. ಸುಂಕ ಇಳಿಸಿ ಎಂದು ಬಹಿರಂಗವಾಗಿ ಕೇಳಲು ಆಧಾರವಾಗಬೇಕಾದ ಅಂಕಿಗಳೂ ಈ ಸುಳ್ಳಿನಿಂದ ಹಾಳಾಗುತ್ತವೆ. ನೇರ ದಾರಿಯೂ ಉಂಟು: ಉಳಿಸಿದ ಸುಂಕದ ಆರು ಪಟ್ಟನ್ನು ಆರು ವರ್ಷದಲ್ಲಿ ರಫ್ತು ಮಾಡುವೆನೆಂದು ಒಪ್ಪಿದವರಿಗೆ ಕೇಂದ್ರ ಸರ್ಕಾರದ ಇಪಿಸಿಜಿ ಯೋಜನೆ ಮೂಲ ಸುಂಕವನ್ನೇ ಬಿಡುತ್ತದೆ. ಎಲ್ಲ ಸಣ್ಣವರಿಗೂ ಅದು ಎಟುಕುವುದಿಲ್ಲ, ನಿಜ. ಅದನ್ನು ಎಟುಕಿಸಿ ಎಂದು ಕೇಳುವುದು ನ್ಯಾಯವಾದ ಹೋರಾಟ.

ಇನ್ನು ಅಂದಾಜು. ಯಂತ್ರ ಬಂದು ನಿಲ್ಲುವವರೆಗೆ ಡಾಲರ್ ಏರಬಹುದು, ಬಂದರಿನಲ್ಲಿ ಡೆಮರೇಜ್ ಬೀಳಬಹುದು, ಕ್ರೇನು, ತಳಪಾಯ, ವಿದೇಶಿ ಎಂಜಿನಿಯರನ ಖರ್ಚು ಎಣಿಸಿದ್ದಕ್ಕಿಂತ ಹೆಚ್ಚಾಗಬಹುದು. ನಾಳೆಯದನ್ನು ಇಂದೇ ಸತ್ಯವಾಗಿ ಹೇಳುವುದು ಹೇಗೆ? ಗೊತ್ತಿರುವುದನ್ನು ಗೊತ್ತಿರುವಂತೆ, ಗೊತ್ತಿಲ್ಲದ್ದನ್ನು ಇಷ್ಟರಿಂದ ಇಷ್ಟರವರೆಗೆ ಎಂದು ಪಾಲುದಾರನಿಗೂ ಬ್ಯಾಂಕಿಗೂ ಒಂದೇ ಹಾಳೆಯಲ್ಲಿ ಬರೆದುಕೊಟ್ಟರೆ, ಆಮೇಲೆ ಲೆಕ್ಕ ತಪ್ಪಿದರೂ ಬರೆದವನು ಸುಳ್ಳುಗಾರನಲ್ಲ. ತಪ್ಪಿಗೂ ಸುಳ್ಳಿಗೂ ಇರುವ ಈ ಅಂತರವನ್ನು ಕಸ್ಟಮ್ಸ್ ಕಾಯ್ದೆಯೂ ಗುರುತಿಸಿದೆ. ಸುಂಕ ಕಡಿಮೆ ಬಿದ್ದದ್ದು ಬರಿಯ ತಪ್ಪಿನಿಂದಾದರೆ ಇಲಾಖೆ ಎರಡು ವರ್ಷದೊಳಗೆ ನೋಟಿಸ್ ಕೊಡಬೇಕು; ಬೇಕೆಂದೇ ಮುಚ್ಚಿಟ್ಟಿದ್ದರೆ ಐದು ವರ್ಷದವರೆಗೂ ಕೊಡಬಹುದು, ಬಾಕಿಯಷ್ಟೇ ದಂಡವನ್ನೂ ಹಾಕಬಹುದು.