ವನರಕ್ಷಣೆಯೂ ನ್ಯಾಸಧರ್ಮವೂ

ಪರರು ನಂಬಿ ಇರಿಸಿದ ಒಡವೆಯನ್ನು ಕೆಡದಂತೆ ಕಾಯ್ದು ಹಿಂದಿರುಗಿಸುವುದೇ ನ್ಯಾಸಧರ್ಮವು. ಅರಣ್ಯವೂ ಮುಂದಣ ಪೀಳಿಗೆಯವರ ಅಂತಹ ನ್ಯಾಸವಲ್ಲವೆ?

ತುಂಗೆ, ಭದ್ರೆ, ನೇತ್ರಾವತಿಯರ ಉಗಮಸ್ಥಾನವನ್ನೊಳಗೊಂಡ ಕುದುರೆಮುಖದ ಅರಣ್ಯವು 1987ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿತು. ಆದರೂ ಅಲ್ಲಿ ಕಬ್ಬಿಣದ ಅದಿರಿನ ಗಣಿಯು ನಡೆದೇ ಇದ್ದಿತು. ಮಳೆಗಾಲದಲ್ಲಿ ಅದರ ಹೂಳು ಭದ್ರೆಯನ್ನು ಸೇರುತ್ತಿದ್ದಿತು. ನಾಡಿನ ವನಪ್ರೇಮಿಗಳು ಇದನ್ನು ಪ್ರತಿಭಟಿಸಿ ನ್ಯಾಯಾಲಯದ ಮೊರೆಹೊಕ್ಕರು. ಸರ್ವೋಚ್ಚ ನ್ಯಾಯಾಲಯದ 2002ರ ಆಜ್ಞೆಯಂತೆ 2005ರ ಅಂತ್ಯಕ್ಕೆ ಗಣಿಯು ನಿಂತಿತು.

ಇದು ಧರ್ಮದ ಜಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣಿಯೊಡನೆ ಅನೇಕರ ಜೀವನೋಪಾಯವೂ ಹೋಯಿತು. ಉದ್ಯಾನದೊಳಗಣ ಕೃಷಿಕರೂ ಮಲೆಕುಡಿಯರೂ ತಲೆಮಾರುಗಳ ನೆಲೆಯನ್ನು ತೊರೆಯಬೇಕಾದೀತೆಂಬ ಚಿಂತೆಗೊಳಗಾದರು. ಉಳಿದ ಕಾಡಿನ ತಿಳಿನೀರನ್ನು ಕುಡಿಯುವವರಾದರೋ ಬಹುಮಟ್ಟಿಗೆ ದೂರದ ಊರುಗಳವರು. ಒಬ್ಬನ ಒಡವೆಯನ್ನು ಕಾಯುವುದಕ್ಕಾಗಿ ಮತ್ತೊಬ್ಬನ ಅನ್ನವನ್ನು ಕಸಿದರೆ ನ್ಯಾಸಧರ್ಮವು ಪೂರ್ಣವಾಗುವುದೆ?

ಕಾಡನ್ನು ಉಳಿಸಿರೆಂದು ಕೂಗುವುದು ಕರ್ತವ್ಯದ ಅರ್ಧವು ಮಾತ್ರ. ಅದಕ್ಕಾಗಿ ನೆಲೆ ತಪ್ಪಿದವನಿಗೆ ಭೂಮಿಯೂ ಉದ್ಯೋಗವೂ ದೊರೆಯುವವರೆಗೆ ಅಷ್ಟೇ ಗಟ್ಟಿಯಾಗಿ ಕೂಗುವುದೂ, ಆ ವೆಚ್ಚದಲ್ಲಿ ತಾನೂ ಪಾಲುಗೊಳ್ಳುವುದೂ ಉಳಿದರ್ಧವು. ಹೊಳೆಯ ನೀರನ್ನುಂಡವನು ಹೊಳೆಯ ತವರಿಗೆ ಋಣಿಯಲ್ಲವೆ?