ಚುಕ್ಕಾಣಿ ಯಾರ ಕೈಯಲ್ಲಿ?



ಗಜೇಂದ್ರಗಡದ ನೇಕಾರನ ಮಗ್ಗದಲ್ಲಿ ಒಂದು ಎಳೆ ಹರಿದರೆ ಅದು ಯಾರ ಕೈತಪ್ಪೆಂದು ಮನೆಮಂದಿಗೆಲ್ಲ ಗೊತ್ತಾಗುತ್ತದೆ. ರೋಣ, ನರಗುಂದದ ಎರೆಹೊಲದಲ್ಲಿ ಬಿತ್ತನೆಯ ಹದ ತಪ್ಪಿದರೆ ರೈತ ತನ್ನನ್ನೇ ಹಳಿದುಕೊಳ್ಳುತ್ತಾನೆ. ಆದರೆ ಇಂದು ಈ ಸೀಮೆಯ ಮಕ್ಕಳು ಐಟಿಐ ಮುಗಿಸಿ ದೊಡ್ಡ ಕಾರ್ಖಾನೆಗಳ ದಾರಿ ಹಿಡಿಯುತ್ತಾರೆ. ತೋರಣಗಲ್ಲಿನಲ್ಲಿ ಉಕ್ಕು, ಕೊಪ್ಪಳದ ಬಳಿಯ ಬೇವಿನಹಳ್ಳಿಯಲ್ಲಿ ಎರಕ, ಧಾರವಾಡದಲ್ಲಿ ಬಸ್ಸು ತಯಾರಾಗುತ್ತವೆ. ಸಾವಿರಾರು ಕೈಗಳು ಸೇರಿ ಮಾಡುವ ಇಂಥ ಕೆಲಸದಲ್ಲಿ ತಪ್ಪಾದರೆ ಅದು ಯಾರದು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ರೋಣದ ಕಡೆಯ ಒಬ್ಬ ಯುವಕ. ಪಾಪನಿವೇದನೆಯಲ್ಲಲ್ಲ, ಕ್ರಿಸ್ಮಸ್ ರಜೆಗೆ ಬಂದಾಗ ಮನೆಯ ಕಟ್ಟೆಯ ಮೇಲೆ ಕುಳಿತು ಕೇಳಿದ್ದು. ಅವನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಅವನಿರುವುದು ದೂರದ ಬೇರೊಂದು ಊರಿನ ಕಾರ್ಖಾನೆಯಲ್ಲಿ. ಅಲ್ಲಿ ಒಬ್ಬ ಗುತ್ತಿಗೆ ಕಾರ್ಮಿಕ ಹರಿದ ಕೈಗವಸು ಹಾಕಿಕೊಂಡೇ ಬಿಸಿ ಕಬ್ಬಿಣದ ಕೆಲಸಕ್ಕೆ ಇಳಿದ. ಇವನು ನೋಡಿದ, ಸುಮ್ಮನಿದ್ದ. ಆ ಮನುಷ್ಯನ ಅಂಗೈ ಸುಟ್ಟಿತು.

"ಫಾದರ್, ಸಹಿ ಹಾಕಿದವ್ರು ಸೂಪರ್‌ವೈಸರ್. ಲಗೂನ ಮುಗಸ್ರಿ ಅಂದವ್ರು ಅವರ ಮ್ಯಾಲಿನವ್ರು. ನಾ ಬರೇ ಹೆಲ್ಪರ್. ಇದರಾಗ ನಂದೇನ್ ತಪ್ಪೈತ್ರಿ?"

ತಪ್ಪಿಲ್ಲವೆಂದು ನಂಬಿದ್ದರೆ ಅವನು ಕೇಳುತ್ತಲೇ ಇರಲಿಲ್ಲ.

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇದಕ್ಕೊಂದು ಅಳತೆಗೋಲು ಕೊಟ್ಟಿದ್ದಾರೆ. ಚುಕ್ಕಾಣಿ ಹಿಡಿಯುವವನು ಕೈಬಿಟ್ಟದ್ದರಿಂದ ಹಡಗು ಮುಳುಗಿತೆನ್ನಿ. ಅದು ಅವನ ತಪ್ಪಾಗಬೇಕಾದರೆ ಎರಡು ಮಾತು ನಿಜವಾಗಿರಬೇಕು: ಹಡಗನ್ನು ನಡೆಸಲು ಅವನಿಗೆ ಸಾಧ್ಯವಿತ್ತು, ನಡೆಸುವುದು ಅವನ ಕರ್ತವ್ಯವೂ ಆಗಿತ್ತು. ಸುಮ್ಮನಿರುವುದೂ ಪಾಪವಾಗಬಹುದು ಎಂಬುದು ನಿಜ. ಬಲಿಪೂಜೆಯ ಆರಂಭದಲ್ಲಿ ನಾವು ಕರ್ತವ್ಯಲೋಪಕ್ಕೂ ಕ್ಷಮೆ ಬೇಡುತ್ತೇವೆ. ಆದರೆ ಕೈಲಾಗದ್ದಕ್ಕೆ ದೇವರು ಲೆಕ್ಕ ಕೇಳುವುದಿಲ್ಲ.

ಆ ಯುವಕನಿಗೆ ಉತ್ಪಾದನೆಯ ಅವಸರವನ್ನು ತಡೆಯುವ ಶಕ್ತಿ ಇರಲಿಲ್ಲ. ಮನೆಯ ಸಾಲ, ತಂಗಿಯ ಮದುವೆ, ಕೆಲಸ ಹೋದೀತೆಂಬ ಭಯ ಇವೆಲ್ಲ ಅವನ ಹೊಣೆಯನ್ನು ಹಗುರ ಮಾಡುತ್ತವೆ. ಆದರೆ "ಅಣ್ಣಾ, ಗ್ಲೌಸ್ ಹರದೈತಿ, ನಿಲ್ಲು" ಎನ್ನುವಷ್ಟು ಶಕ್ತಿ ಇತ್ತು. ಅಷ್ಟರ ಮಟ್ಟಿಗೆ ಚುಕ್ಕಾಣಿ ಅವನ ಕೈಯಲ್ಲೂ ಇತ್ತು. ಹೆಚ್ಚಿನ ಪಾಲು ಮೇಲಿನವರದು, ನಿಜ. ಅವರ ಪಾಲು ದೊಡ್ಡದಾದ ಮಾತ್ರಕ್ಕೆ ನಮ್ಮ ಪಾಲು ಇಲ್ಲವಾಗುವುದಿಲ್ಲ. ತಮ್ಮನ ಹೊಣೆ ತನ್ನದಲ್ಲವೆಂದು ಮೊದಲು ಜಾರಿಕೊಳ್ಳಲು ನೋಡಿದವನು ಕಾಯಿನ.

ಸಂತ ಎರಡನೇ ಜಾನ್ ಪೌಲ್ ಜಗದ್ಗುರುಗಳು 1981ರಲ್ಲಿ ದುಡಿಮೆಯ ಬಗ್ಗೆ ಬರೆದ 'ಲಬೋರೆಮ್ ಎಕ್ಸರ್ಚೆನ್ಸ್' ವಿಶ್ವಪತ್ರದಲ್ಲಿ, ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯನಿರುವುದು ದುಡಿಮೆಗಾಗಿ ಅಲ್ಲ ಎಂಬ ತತ್ವವನ್ನು ಎತ್ತಿ ಹಿಡಿದರು. ಕೂಲಿ ಕೊಡುವವರಷ್ಟೇ ಅಲ್ಲ, ದುಡಿಮೆಯ ಸ್ಥಿತಿಗತಿಯನ್ನು ದೂರದಿಂದ ನಿರ್ಧರಿಸುವವರೂ ಒಂದು ಬಗೆಯ ಮಾಲೀಕರೇ ಎಂದರು. ನಮ್ಮ ಕಾನೂನೂ ಕಾರ್ಮಿಕನನ್ನು ಬಾಯಿಲ್ಲದವನೆಂದು ತಿಳಿದಿಲ್ಲ. 1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ಬಂದ ತಿದ್ದುಪಡಿಯು ಸುರಕ್ಷತೆ ಸಾಲದೆಂದು ನೇರವಾಗಿ ಇನ್‌ಸ್ಪೆಕ್ಟರರಿಗೇ ಹೇಳುವ ಹಕ್ಕನ್ನು ಅವನಿಗೆ ಕೊಟ್ಟಿತು.

ಕಂಪನಿಯು ಪಗಾರ ಕೊಟ್ಟು ನಮ್ಮ ಸಮಯವನ್ನೂ ಕೌಶಲವನ್ನೂ ಕೊಳ್ಳಬಹುದು. ಮನಸ್ಸಾಕ್ಷಿಯನ್ನು ಗೇಟಿನಲ್ಲಿ ಬಿಟ್ಟು ಒಳಗೆ ಹೋಗಲು ನಮಗೆ ಅಪ್ಪಣೆಯಿಲ್ಲ.

ಆ ಯುವಕನಿಗೆ ಹೇಳಿದ್ದು ಇಷ್ಟೇ: "ಮರಳಿ ಹೋದ ಕೂಡಲೇ ಅವನನ್ನು ಕಾಣು, ಕ್ಷಮೆ ಕೇಳು. ಮುಂದಿನ ಸಲ ಬಾಯಿಬಿಡು. ಒಬ್ಬನೇ ಹೇಳಲು ಅಂಜಿಕೆಯಾದರೆ ನಾಲ್ಕು ಜನ ಕೂಡಿ ಹೇಳಿ." ಆಮೇಲೆ ಆ ಕಾರ್ಮಿಕನ ಹೆಸರೇನೆಂದು ಕೇಳಿದೆ. ಎರಡು ವರ್ಷ ಜೊತೆಯಲ್ಲಿ ದುಡಿದಿದ್ದರೂ ಅವನಿಗೆ ಗೊತ್ತಿರಲಿಲ್ಲ.

ತಂದೆತಾಯಿಗಳೇ, ಮಗ ರಜೆಗೆ ಬಂದಾಗ ಪಗಾರದ ಮಾತು ಕೇಳಿರಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಇದನ್ನೂ ಕೇಳಿರಿ: "ನಿನ್ನ ಪಕ್ಕ ನಿಂತು ದುಡಿಯುವವನ ಹೆಸರೇನು, ಮಗಾ? ಅವನು ಹ್ಯಾಂಗದಾನ?"