ಅಂದಂದಿನ ಬಲ

“ಕಷ್ಟ ಮನುಷ್ಯನಿಗೆ ಬಾರದೆ ಮರಕ್ಕೆ ಬರುತ್ತದೆಯೇ?” ಎಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ನೊಣವಿನಕೆರೆಗೆ ಬಂದು ನೆಲೆಸಿದ ಮೇಲೆ ನನಗೆ ಈ ಗಾದೆಯಲ್ಲಿ ಅಷ್ಟು ನಂಬಿಕೆ ಉಳಿದಿಲ್ಲ. ತೆಂಗಿನ ಸೀಮೆಯಲ್ಲಿ ಮರಕ್ಕೂ ಕಷ್ಟ ಬರುತ್ತದೆ, ಮರದ ಕಷ್ಟವೇ ಮನೆಯ ಕಷ್ಟವಾಗುತ್ತದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂತು. ಅದರಿಂದ ಚೇತರಿಸಿಕೊಂಡೆವು ಎನ್ನುವಾಗ ಮಳೆ ಕೈಕೊಟ್ಟಿತು, ಕೊಳವೆ ಬಾವಿಗಳು ಬತ್ತಿದವು. ಮಳೆ ಬಂದು ಮರ ಕಾಯಿ ಕಚ್ಚಿತು ಎನ್ನುವಾಗ ಬೆಲೆ ಬಿತ್ತು. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಿಮೆಗೆ ಮಾರಬೇಕಾಯಿತು.

ನಮ್ಮ ಪಕ್ಕದ ಮನೆಯ ಅಕ್ಕ ಇವೆಲ್ಲವನ್ನೂ ಕಂಡುಂಡವರು. ಆ ವರ್ಷ ಒಂದು ಸಂಜೆ ಅವರು ಜಗಲಿಯ ಮೇಲೆ ಕೂತು ಕೊಬ್ಬರಿ ಆರಿಸುತ್ತಿದ್ದರು. ಸಾಲದ ಮಾತು ಬಂತು. ಸಮಾಧಾನಕ್ಕೆಂದು ನಾನು, “ದೇವರು ಬಲ ಕೊಡ್ತಾನೆ ಬಿಡಿ ಅಕ್ಕ” ಎಂದೆ. ಅವರು ಕೈಯಲ್ಲಿದ್ದ ಕೊಬ್ಬರಿಯನ್ನು ಕೆಳಗಿಟ್ಟರು.

“ಅಲ್ಲ ಟೀಚರಮ್ಮ, ಬಲ ಕೊಡೋ ದೇವ್ರು ಕಷ್ಟಾನೇ ಕೊಡ್ದೆ ಇದ್ದಿದ್ರೆ ಆಗ್ತಿರ್ಲಿಲ್ವಾ? ಒಂದು ಸಲ ಆದ್ರೆ ಸರಿ. ಎಡವಿದ ಕಾಲೇ ಎಡವ್ತಾ ಇದ್ರೆ?”

ನಾನು ಉತ್ತರ ಕೊಡಲಿಲ್ಲ. ಪಾಪದ ಫಲ, ದೇವರ ಪರೀಕ್ಷೆ, ಪುಟಕ್ಕೆ ಹಾಕಿದ ಚಿನ್ನ ಎಂಬ ಮಾತುಗಳನ್ನು ಭಾನುವಾರದ ಪ್ರಸಂಗಗಳಲ್ಲಿ ಕೇಳುತ್ತಾ ಬೆಳೆದವಳು ನಾನು. ಆದರೆ ಕಣ್ಣೀರು ಹಾಕುತ್ತಿರುವವರ ಎದುರಿಗೆ ಆ ಮಾತುಗಳನ್ನಾಡಲು ಬಾಯಿ ಬರುವುದಿಲ್ಲ. ಅಲ್ಲದೆ ಅದೇ ಪ್ರಶ್ನೆಯನ್ನು ನಾನೇ ದೇವರ ಮುಂದೆ ಇಟ್ಟಿದ್ದೆ.

ನನ್ನ ಯಜಮಾನರ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದವು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಗಿನ ಜಾವದ ಬಸ್ಸಿಗೆ ತುಮಕೂರು, ಯಂತ್ರದ ಪಕ್ಕ ನಾಲ್ಕು ಗಂಟೆ, ಸಂಜೆಗೆ ಮನೆ. ಶುದ್ಧವಾದ ರಕ್ತ ಮೂರು ದಿನದಲ್ಲಿ ಮತ್ತೆ ಕೆಡುತ್ತಿತ್ತು. ಮೂರು ವರ್ಷ ಹೀಗೇ ನಡೆಯಿತು. ಗುಣವಾಗಲಿ ಎಂದು ನಾನು ಉಪವಾಸವಿದ್ದು ಬೇಡಿಕೊಂಡೆ. ಗುಣವಾಗಲಿಲ್ಲ. ಅವರು ತೀರಿಕೊಂಡ ಮೇಲೆ ಕೆಲವು ತಿಂಗಳು ಸತ್ಯವೇದವನ್ನು ಬೀರುವಿನಿಂದ ಹೊರಗೆ ತೆಗೆಯಲೇ ಇಲ್ಲ.

ಮತ್ತೆ ತೆಗೆದಾಗ ಓದಿದ್ದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಹನ್ನೆರಡನೆಯ ಅಧ್ಯಾಯ. ಪೌಲನ ದೇಹದಲ್ಲಿ ಒಂದು ಬಾಧೆಯಿತ್ತು. ಅದು ತೊಲಗಲಿ ಎಂದು ಅವನು ಮೂರು ಸಲ ಬೇಡಿಕೊಂಡ. ಬಾಧೆ ತೊಲಗಲಿಲ್ಲ. ನಿನ್ನ ಬಲಹೀನತೆಯಲ್ಲಿಯೇ ನನ್ನ ಬಲವು ಕೆಲಸ ಮಾಡುತ್ತದೆ ಎಂಬ ಅರ್ಥದ ಉತ್ತರವಷ್ಟೇ ಅವನಿಗೆ ಸಿಕ್ಕಿತು. ಎಷ್ಟೋ ಸಲ ಓದಿದ್ದ ಅಧ್ಯಾಯವೇ. ಆದರೆ ಪೌಲನಂಥವನಿಗೂ ಇಲ್ಲ ಎಂಬ ಉತ್ತರ ಬಂತೆಂಬುದು ಅಂದು ಮೊದಲ ಸಲ ಮನಸ್ಸಿಗೆ ನಾಟಿತು. ಗುಣವಾಗದಿದ್ದರೆ ನಂಬಿಕೆ ಸಾಲದು ಎಂದು ನನಗೆ ಹೇಳಿದವರ ಮಾತಿನ ಭಾರ ಅಂದು ಇಳಿಯಿತು.

ನಮ್ಮ ಜಿಲ್ಲೆಯ ಗುಬ್ಬಿಯಲ್ಲಿಯೇ ಇಂಥದೊಂದು ಕಥೆ ನಡೆದಿದೆ. ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಮಿಷನರಿ 1839ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಸಮುದ್ರ ದಾಟಿ ಗುಬ್ಬಿಗೆ ಬಂದರು. ಜೀವನವನ್ನೇ ಮುಡಿಪಾಗಿಡಲು ಬಂದವರಿಗೆ ಕಣ್ಣಿನ ಬೇನೆ ಬಂದು ಆರೋಗ್ಯ ಕೆಟ್ಟಿತು. 1841ರಲ್ಲಿ ಹಿಂದಿರುಗಬೇಕಾಯಿತು. ಅವರೂ ಬೇಡಿಕೊಂಡಿರಲಾರರೇ? ಅದೇ ಆರ್ಥರ್ 1856ರಲ್ಲಿ ‘ದಿ ಟಂಗ್ ಆಫ್ ಫೈರ್’ ಎಂಬ ಪುಸ್ತಕ ಬರೆದರು. ಅದರ ವಿಷಯ ಪವಿತ್ರಾತ್ಮನು ಕೊಡುವ ಬಲ. ಅಂದುಕೊಂಡ ಕೆಲಸ ಕೈತಪ್ಪಿದ ಮನುಷ್ಯನೇ ಆ ವಿಷಯ ಬರೆದದ್ದನ್ನು ನೆನೆದಾಗ ನನಗೆ ಧೈರ್ಯ ಬರುತ್ತದೆ.

ಹಾಗಾದರೆ ಈ ಬಲ ಬರುವುದು ಹೇಗೆ? ವಿಮೋಚನಕಾಂಡದಲ್ಲಿ ಮನ್ನದ ಪ್ರಸಂಗವಿದೆ. ಅರಣ್ಯದಲ್ಲಿ ಹಸಿದ ಜನರಿಗೆ ದೇವರು ಪ್ರತಿದಿನ ಬೆಳಿಗ್ಗೆ ಆಹಾರ ಕೊಡುತ್ತಿದ್ದ. ಅಂದಿಗೆ ಬೇಕಾದಷ್ಟನ್ನೇ ಕೂಡಿಸಿಕೊಳ್ಳಬೇಕು. ನಾಳೆಗಿರಲಿ ಎಂದು ಇಟ್ಟುಕೊಂಡವರ ಮನ್ನದಲ್ಲಿ ಹುಳು ಬಿತ್ತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ನಾವು ಹೆಂಗಸರು ಕೂಡಿಡುವವರು. ಅಕ್ಕಿ, ಬೇಳೆ, ಉಪ್ಪಿನಕಾಯಿ ವರ್ಷಕ್ಕಾಗುವಷ್ಟು ಮಾಡಿಡುತ್ತೇವೆ. ಧೈರ್ಯವನ್ನೂ ಹಾಗೆಯೇ ಜಾಡಿಯಲ್ಲಿ ತುಂಬಿಡಬೇಕೆಂದು ಬಯಸುತ್ತೇವೆ. ಮೂರು ವರ್ಷದ ಡಯಾಲಿಸಿಸ್ಸಿಗೆ ಬೇಕಾದ ಬಲ ನನ್ನಲ್ಲಿ ಒಂದು ದಿನವೂ ಇರಲಿಲ್ಲ. ಅಂದಿನ ಬಸ್ಸು ಹತ್ತುವಷ್ಟು ಬಲ ಅಂದು ಇತ್ತು. ಲೆಕ್ಕ ಹಾಕಿದರೆ ಅಂಥ ದಿನಗಳು ಮುನ್ನೂರಕ್ಕೂ ಹೆಚ್ಚು.

ಆ ಬಲ ಆಕಾಶದಿಂದ ಬೆಳಕಾಗಿ ಇಳಿದು ಬರಲಿಲ್ಲ. ಪ್ರವಾದಿ ಎಲೀಯನು ಸೋತು, ಸಾಕಾಯಿತು, ಪ್ರಾಣ ಹೋಗಲಿ ಎಂದು ಗಿಡದ ಕೆಳಗೆ ಮಲಗಿದಾಗ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ಆಮೇಲೆ ಮತ್ತೊಮ್ಮೆ ಎಬ್ಬಿಸಿ ಊಟ ಕೊಟ್ಟ. ನನಗೂ ಹಾಗೆಯೇ ಆಯಿತು. ನಾನಿಲ್ಲದ ದಿನ ನನ್ನ ತರಗತಿಗಳನ್ನು ಸಹೋದ್ಯೋಗಿಗಳು ಹಂಚಿಕೊಂಡರು. ಕತ್ತಲಿನಲ್ಲಿ ಬಾಗಿಲು ತೆಗೆದರೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದವರು ಇದೇ ಪಕ್ಕದ ಮನೆಯ ಅಕ್ಕ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ನನ್ನದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮುಖದ ಮೇಲೆ ಬಾಸುಂಡೆ ಹೊತ್ತು ಬಂದಿದ್ದಳು. ಗಂಡ ಹೊಡೆಯುತ್ತಾನೆ ಎಂದಳು. “ಪ್ರಾರ್ಥನೆ ಮಾಡಮ್ಮ, ಸಹಿಸೋ ಬಲ ದೇವರು ಕೊಡ್ತಾನೆ” ಎಂದು ಕಳಿಸಿಬಿಟ್ಟೆ. ಎರಡು ತಿಂಗಳ ನಂತರ ಅವಳು ಕೈ ಮುರಿದುಕೊಂಡು ಬಂದಳು. ಅಂದಿನ ನಾಚಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ರೋಗ, ಬರ, ಸಾವು ಬೇರೆ. ಒಬ್ಬರು ಇನ್ನೊಬ್ಬರಿಗೆ ಮಾಡುವ ಅನ್ಯಾಯ ಬೇರೆ. ಅನ್ಯಾಯದ ಎದುರು ದೇವರು ಕೊಡುವ ಬಲ ಸಹಿಸಿಕೊಂಡು ಕೂರುವುದಕ್ಕಲ್ಲ, ಎದ್ದು ನಿಲ್ಲುವುದಕ್ಕೆ. ಅದೇ ದೇವರು ಐಗುಪ್ತದ ಬಿಟ್ಟಿ ಚಾಕರಿಯನ್ನು ಸಹಿಸಿಕೊಳ್ಳಿ ಎನ್ನಲಿಲ್ಲ. ಹೊರಡಿ ಎಂದ. ಮನ್ನ ಸಿಕ್ಕಿದ್ದು ಹೊರಟವರಿಗೆ, ದಾರಿಯಲ್ಲಿ. ಎರಡನೆಯ ಸಲ ನಾನು ಅವಳನ್ನು ತಾಲ್ಲೂಕಿನ ಸಿ.ಡಿ.ಪಿ.ಓ. ಕಚೇರಿಗೆ ಕರೆದುಕೊಂಡು ಹೋದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಲ್ಲಿ ದೂರು ಕೊಡಬಹುದೆಂದು ಅಷ್ಟು ಹೊತ್ತಿಗೆ ತಿಳಿದುಕೊಂಡಿದ್ದೆ. ಅವಳಿಗೆ ಅಂದು ಬೇಕಿದ್ದ ರೊಟ್ಟಿ ಅದು. ಮೊದಲ ಸಲವೇ ನಾನು ಅದನ್ನು ಕೊಡಬೇಕಿತ್ತು.

ದೇವರ ಮೇಲೆ ಭಾರ ಹಾಕುವುದೆಂದರೆ ಕೈಕಟ್ಟಿ ಕೂರುವುದಲ್ಲ. ಇನ್ನು ಕಷ್ಟವೇ ಬರುವುದಿಲ್ಲವೆಂಬ ಕರಾರೂ ಅಲ್ಲ. ಇಂದಿನ ಕೆಲಸಕ್ಕೆ ಇಂದಿನ ಬಲ ಸಿಗುತ್ತದೆಂದು ನಂಬಿ ಹೆಜ್ಜೆ ಇಡುವುದು, ಬೇರೆಯವರ ಕೈಯಿಂದ ಬಂದರೂ ಅದನ್ನು ಸ್ವೀಕರಿಸುವುದು, ನಮ್ಮ ಸರದಿ ಬಂದಾಗ ನಾವು ಆ ಕೈಯಾಗುವುದು. ಕಷ್ಟ ಯಾಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಇನ್ನೂ ನನಗೆ ಸಿಕ್ಕಿಲ್ಲ. ಆದರೆ ಬಲ ಎಲ್ಲಿಂದ ಬಂತು ಎಂಬುದನ್ನು ಬಲ್ಲೆ.

ಕೆಲವು ದಿನಗಳ ನಂತರ ಅಕ್ಕನಿಗೆ ಅಷ್ಟನ್ನು ಹೇಳಿದೆ. “ಅಕ್ಕ, ದೇವರು ಯಾಕೆ ಕಷ್ಟ ಕೊಡ್ತಾನೋ ಗೊತ್ತಿಲ್ಲ. ನನಗೆ ಬಲ ಕೊಟ್ಟಾಗ ಮಾತ್ರ ನಿಮ್ಮ ಫ್ಲಾಸ್ಕಿನಲ್ಲಿ ಕೊಟ್ಟ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಕ್ಕು, “ಹಂಗಾದ್ರೆ ನಾಳೆ ಭಾನುವಾರ ಚರ್ಚಿಂದ ಬೇಗ ಬನ್ನಿ. ಅಟ್ಟದಿಂದ ಕಾಯಿ ಇಳಿಸ್ಬೇಕು, ಆಳು ಸಿಕ್ತಿಲ್ಲ” ಎಂದರು.

ಮರುದಿನ ತಿಪಟೂರಿನಿಂದ ಬಂದವಳೇ ಸೆರಗು ಸಿಕ್ಕಿಸಿಕೊಂಡು ಅವರ ಮನೆಗೆ ಹೋದೆ.